ಕೊಳದ ಬಾಗಿಲಲ್ಲಿ ಅತ್ತೆಯ ತಲೆ

ಡಿಸೆಂಬರ್ ಎಂದರೆ ಅಲ್ಲಿ ಬೇಸಿಗೆ; ಬಿಸಿಲು ಸಾಂತಾ ಫೆ ಊರನ್ನು ಹುರಿದು ಹಾಕುತ್ತಿತ್ತು. ಬಡಾವಣೆಯ ಕ್ಲಬ್ಬಿನ ಈಜುಕೊಳ ಬೇಸಿಗೆಗೆಂದು ತೆರೆಯುವ ದಿನ. ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತವಳು ನರ್ಸ್ ನೀದಿಯಾ. ಅವಳೆದುರು ಕಾಲ್ಬೆರಳು ಅಗಲಿಸಿ ತೋರಿಸದೆ, ತಲೆ ಬಗ್ಗಿಸದೆ ಯಾರೂ ನೀರಿಗಿಳಿಯುವಂತಿಲ್ಲ. ಬೆರಳ ಸಂದಿಯಲ್ಲಿ ಹುಣ್ಣೋ ಕೂದಲಲ್ಲಿ ಹೇನೋ ಕಂಡರೆ ಸೀದಾ ಮನೆಗೆ, ಪಾದ್ರಿಯಾದರೂ ಅಷ್ಟೇ.

ಹೋದ ವರ್ಷ ಅವಳು ದಾಕ್ಷಿಣ್ಯಕ್ಕೆ ಬಿದ್ದು ನೆಂಟರನ್ನೆಲ್ಲ ನೋಡದೆ ಒಳಬಿಟ್ಟಿದ್ದಳು. ಅರ್ಧ ಬಡಾವಣೆ ಹುಣ್ಣು ಹತ್ತಿಸಿಕೊಂಡು ಕಾಲು ಕೆರೆದುಕೊಂಡಿತು, ಕೊಳಕ್ಕೆ ಬೀಗ ಬಿತ್ತು. ಇನ್ನೊಮ್ಮೆ ಹೀಗಾದರೆ ಬೇರೆ ನರ್ಸ್ ಬರುತ್ತಾಳೆ ಎಂದು ಕ್ಲಬ್ಬಿನವರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಈ ಸಲ ಸಾಲಿನ ಮುಂದೆಯೇ ಅವಳ ಅತ್ತೆ ಒಲಿಂದಾ, ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ನಿಂತಿದ್ದರು. ಪ್ರತಿ ವರ್ಷ ಕೊಳಕ್ಕೆ ಮೊದಲು ಧುಮುಕುವವರು ಅವರೇ.

"ಟೋಪಿ ತೆಗೀರಿ ಅತ್ತೆ."

"ನನ್ ತಲೆ ನೀನು ದಿನಾ ನೋಡ್ತೀಯಲ್ಲೇ!"

"ದಿನಾ ನೀವು ನನ್ ತಲೆ ತಿನ್ನೋದಷ್ಟೇ, ನಿಮ್ ತಲೆ ನಾನೆಲ್ಲಿ ನೋಡಿದ್ದೀನಿ? ತೆಗೀರಿ."

ಸಾಲು ಕಿಸಕ್ಕೆಂದಿತು. ನೀದಿಯಾ ಕೂದಲು ಬಿಡಿಸಿದಳು. ಕಿವಿಯ ಹಿಂದೆ ಸೀರು, ಸಾಲುಸಾಲಾಗಿ. ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಭಾನುವಾರದ ಊಟದ ಮೇಜಿನಲ್ಲಿ ಯುದ್ಧ.

"ಇಲ್ಲ ಅತ್ತೆ. ಮನೆಗೆ."

ಒಲಿಂದಾ ಕೆಂಡವಾದರು. "ನನ್ ತಲೇಲಿ ಹೇನು ಎಲ್ಲಿಂದ ಬಂತು? ನಿನ್ ಮಕ್ಕಳನ್ನ ಪಕ್ಕದಲ್ಲಿ ಮಲಗಿಸ್ಕೊಂಡಿದ್ದಕ್ಕೆ ಬಂತು! ಎಲ್ಲರ ತಲೆ ನೋಡ್ತೀಯಲ್ಲ, ನಿನ್ ತಲೆ ಯಾರು ನೋಡಿದ್ದಾರೆ? ಬಗ್ಗು!"

ಸಾಲು ಚಪ್ಪಾಳೆ ತಟ್ಟಿತು. ನೀದಿಯಾ ಬಗ್ಗಿದಳು. ಅತ್ತೆಯ ಬೆರಳು ನೆತ್ತಿಯ ಮೇಲೆ ಓಡಾಡಿ ಒಂದು ಕಡೆ ಗಕ್ಕನೆ ನಿಂತಿತು.

"ಏನೂ ಇಲ್ಲ," ಎಂದು ಒಲಿಂದಾ ಕೂಗಿ ಹೇಳಿದರು. ಆಮೇಲೆ ಕಿವಿಯ ಹತ್ತಿರ ಬಾಗಿ, "ಹೇನಿನ ಸಂತೆ ನೆರೆದಿದೆ ಕಣೇ. ಸುಮ್ನಿರು," ಎಂದರು.

ನೀದಿಯಾಗೆ ಅಳು ಬಂತು. ಜಗಳಗಂಟಿ ಅತ್ತೆ ತನ್ನ ಮಾನ ಕಾಯಲು ಸುಳ್ಳು ಹೇಳಿದ್ದು ಇದೇ ಮೊದಲು. ಆದರೂ ತಲೆಯೆತ್ತಿ, "ಅತ್ತೆ ಸುಳ್ಳು ಹೇಳ್ತಿದ್ದಾರೆ. ನಾವಿಬ್ರೂ ನೀರಿಗಿಳಿಯೋ ಹಾಗಿಲ್ಲ. ಮುಂದಿನವರು ಬನ್ನಿ, ಕಾಲು ತೋರ್ಸಿ!" ಎಂದಳು. ತನ್ನ ಕೂದಲಿಗೆ ಬಟ್ಟೆ ಬಿಗಿದು, ಕೈಗೆ ಸೋಪು ಹಚ್ಚಿ ತೊಳೆದುಕೊಂಡು ಸಾಲಿನ ಕೊನೆಯವರೆಗೂ ನೋಡಿದಳು.

ಕೆಲಸ ಮುಗಿದ ಮೇಲೆ ಅತ್ತೆ ಸೊಸೆ ಬೇಲಿಯಾಚೆ ನೆರಳಿನಲ್ಲಿ ಕೂತರು. ಹೇನಿನ ಬಾಚಣಿಗೆ ಅತ್ತೆಯ ಕೈಯಲ್ಲಿ, ಸೊಸೆಯ ತಲೆ ಅವರ ಮಡಿಲಲ್ಲಿ.

"ನನ್ ಟೋಪಿನಾದ್ರೂ ನೀರಿಗೆ ಎಸೀಲಾ?"

"ಅದ್ರಲ್ಲೂ ಹೇನಿದೆ ಅತ್ತೆ."

ಒಳಗೆ ಇನ್ನೂ ಯಾರೂ ಧುಮುಕಿರಲಿಲ್ಲ. ತಪಾಸಣೆ ಮುಗಿಸಿದವರೆಲ್ಲ ಕೊಳದ ಅಂಚಿನಲ್ಲಿ ನಿಂತು ಬೇಲಿಯ ಕಡೆಗೇ ನೋಡುತ್ತಿದ್ದರು. ಮೊದಲು ಹಾರುವವರು ಒಲಿಂದಾ ಅಲ್ಲವೇ!

"ಏನ್ ನೋಡ್ತಿದ್ದೀರೋ? ಹಾರ್ರೋ!" ಎಂದು ಅವರು ಬಾಚಣಿಗೆ ಎತ್ತಿ ಅಬ್ಬರಿಸಿದರು.

ಎಲ್ಲರೂ ಒಟ್ಟಿಗೇ ಬಿದ್ದರು. ನೀರು ಚಿಮ್ಮಿ ಬೇಲಿ ದಾಟಿ ಇಬ್ಬರ ಮುಖಕ್ಕೂ ಹೊಡೆಯಿತು. ಒಲಿಂದಾ ತುಟಿ ಒರೆಸಿಕೊಂಡರು.

"ಚೊಕ್ಕವಾಗಿದೆ ಕಣೇ ನೀರು," ಎಂದರು. "ಅಲ್ಲಾಡ್ಬೇಡ, ಇನ್ನೊಂದು ಸಿಕ್ತು."