ಕೊಕ್ಕೆಬಾಲದ ಕೊಬ್ಬು

ನಾನು ಒಂದು ಚಿಟಿಕೆ ಕೊಬ್ಬು. ಅಡುಗೆಮನೆಯದಲ್ಲ, ಸುಮ್ಮನೆ ಬಾಯಲ್ಲಿ ನೀರೂರಿಸಿಕೊಳ್ಳಬೇಡಿ. ದೂರದ ಕಾರ್ಖಾನೆಯೊಂದರಲ್ಲಿ ನನ್ನನ್ನು ತಯಾರಿಸಿದರು. ಉದ್ದ ಬಾಲ ಕೊಟ್ಟು, ಅದರ ತುದಿಗೆ ಪುಟ್ಟ ಕೊಕ್ಕೆ ಇಟ್ಟರು. ಹೊಳೆಯುವ ಬಣ್ಣವೊಂದು ಬಂದು ಆ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಆಗ ನಾನು ಎಲ್ಲಿ ಅಡಗಿದ್ದರೂ ಕಾಣಿಸುತ್ತೇನೆ. ಬಿಳಿ ಪುಡಿಯಾಗಿ ಸೀಸೆ ಸೇರಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು ಧಾರವಾಡಕ್ಕೆ ಬಂದೆ.

ಅಲ್ಲಿನ ಪ್ರಯೋಗಾಲಯದಲ್ಲಿ ನನ್ನ ಒಡತಿ ಮುಕ್ತಾ, ಪಿಎಚ್‌ಡಿ ಮಾಡುತ್ತಿದ್ದವಳು. ನನ್ನನ್ನು ಬಂಗಾರದ ಹಾಗೆ ನೋಡಿಕೊಂಡಳು. ಬೇಕಾದಷ್ಟೇ ತೆಗೆದು ಉಳಿದದ್ದನ್ನು ಫ್ರೀಜರಿಗೆ ಹಾಕುವಳು. ಎಷ್ಟು ಪಾಲು ಮಾಡಿದರೂ ಪ್ರತಿ ಪಾಲೂ ನಾನೇ.

ಒಂದು ದಿನ ಗದಗಿನಿಂದ ಅನ್ನಪೂರ್ಣಾ ಎಂಬ ತಾಯಿ ತನ್ನ ಮಗಳು ಸೃಷ್ಟಿಯನ್ನು ಕರೆದುಕೊಂಡು ಬಂದಳು. ದೇಹದ ಪ್ರೋಟೀನುಗಳಿಗೆ ಕೊಬ್ಬು ಅಂಟುವುದು, ಕೆಲಸ ಮುಗಿದ ಮೇಲೆ ಕಳಚುವುದು ಸದಾ ನಡೆದೇ ಇರುತ್ತದೆ. ಆ ಮಗುವಿನಲ್ಲಿ ಕಳಚುವ ಕೆಲಸ ನಿಂತುಹೋಗಿತ್ತು. ಒಳಗೆ ಕಸ ತುಂಬಿ ಮೊದಲು ಕಣ್ಣು, ಆಮೇಲೆ ಒಂದೊಂದಾಗಿ ಎಲ್ಲವೂ ಹೋಗುವ ರೋಗ. ಕಣ್ಣು ಇರುವಾಗಲೇ ಮಗಳಿಗೆ ಸಮುದ್ರ ತೋರಿಸಬೇಕೆಂದು ತಾಯಿ ಕಾರವಾರದ ಬಸ್ಸಿಗೆ ಟಿಕೆಟ್ ಕೂಡ ತೆಗೆಸಿದ್ದಳು.

ಮಗುವಿನ ಚರ್ಮದಿಂದ ಬೆಳೆಸಿದ ಜೀವಕೋಶಗಳಿಗೆ ಮುಕ್ತಾ ನನ್ನನ್ನು ಉಣಿಸಿದಳು. ನಾನು ಹೋಗಿ ಪ್ರೋಟೀನಿಗೆ ಅಂಟಿಕೊಂಡೆ. ಯಾರೂ ಬಿಡಿಸಲಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ದಪ್ಪ ಹಸಿರು ಪಟ್ಟಿಯಾಗಿ ಹೊಳೆದೆ. ಮತ್ತೊಮ್ಮೆ ತಾಯಿಯ ಜೊತೆ ಬಂದಿದ್ದ ಸೃಷ್ಟಿ ತೆರೆಗೆ ಮೂಗು ತಾಗಿಸಿ, "ಯವ್ವಾ, ಹಸರ ದೀಪಾ," ಅಂದಳು.

ಮುಂದೆ ಹೊಸ ಔಷಧದ ಪರೀಕ್ಷೆ. ಔಷಧ ನನ್ನನ್ನು ಕಳಚಿದರೆ ಪಟ್ಟಿ ಮಾಯವಾಗಬೇಕು. ಉಳಿದ ಜೀವಕೋಶಗಳು ಕಡಿಮೆ. ಔಷಧ ಹಾಕಿದ್ದನ್ನಷ್ಟೇ ಪರೀಕ್ಷಿಸಿ ಹಳೆಯ ಚಿತ್ರದ ಜೊತೆ ಹೋಲಿಸಿದರಾಯಿತು ಅಂದುಕೊಂಡಳು ಮುಕ್ತಾ. ಅವತ್ತು ಅವಳಿಗೆ ಅವಸರ. ಮೊದಲ ಸಲ ನನ್ನನ್ನು ಉಗುರುಬೆಚ್ಚಗೆ ಮಾತ್ರ ಕಾಯಿಸಿದ್ದವಳು, ಈಗ ಕೈಗೆ ರೂಢಿಯಾದಂತೆ, ಬೇರೆ ಪ್ರೋಟೀನುಗಳಿಗೆ ದಿನವೂ ಮಾಡುವ ಹಾಗೆ, ಕೊಳೆತ ಮೊಟ್ಟೆಯಂತೆ ನಾರುವ ದ್ರವ ಸುರಿದು ಕುದಿಸಿಬಿಟ್ಟಳು. ನನ್ನ ಹಿಡಿತ ಅದನ್ನು ತಾಳುವುದಿಲ್ಲ. ಅಲ್ಲೇ ಕಳಚಿ ಬಿದ್ದೆ. ಔಷಧದಿಂದ ನನ್ನ ಕೂದಲೂ ಕೊಂಕಿರಲಿಲ್ಲ.

ತೆರೆ ಕಪ್ಪಾಗಿತ್ತು, ಪಟ್ಟಿಯ ಸುಳಿವಿಲ್ಲ. ಮುಕ್ತಾ ಹಿಗ್ಗಿ ಗದಗಿಗೆ ಫೋನ್ ಹಚ್ಚಿದಳು. "ಔಷಧ ಕೆಲಸಾ ಮಾಡೇತ್ರಿ."

ಆ ಕಡೆ ಅನ್ನಪೂರ್ಣಾ ಅತ್ತಳು. "ಹಂಗಾದ್ರ ಸಮುದ್ರಕ್ಕ ಆಮ್ಯಾಗ ಹೋದ್ರಾತ್ರಿ ಅಕ್ಕಾರ. ಕಣ್ಣು ಚಲೋ ಆದ ಮ್ಯಾಲೆ ನೆಟ್ಟಗ ನೋಡ್ಲಿ."

ನನಗೆ ಬಾಯಿಲ್ಲವಲ್ಲ ಎಂದು ಸಂಕಟವಾಯಿತು.

ಮತ್ತೆ ಜೀವಕೋಶಗಳು ಬೆಳೆಯುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಖಾತ್ರಿ ಮಾಡಿಕೊಳ್ಳಲೆಂದು ಮುಕ್ತಾ ಈ ಸಲ ಔಷಧ ಹಾಕಿದ್ದನ್ನೂ ಹಾಕದ್ದನ್ನೂ ಜೊತೆಗಿಟ್ಟು, ಕುದಿಸದೆ ನೋಡಿದಳು. ಎರಡರಲ್ಲೂ ನಾನು ಒಂದೇ ಸಮ ಹೊಳೆದೆ. ಹೋದ ಸಲ ಕುದಿಸಿದ್ದು ನೆನಪಾಗಿ ಮುಕ್ತಾ ತಲೆ ಹಿಡಿದು ಕೂತಳು.

ಅನ್ನಪೂರ್ಣಾಳನ್ನು ಕರೆಸಿ ಎಲ್ಲವನ್ನೂ ಹೇಳಿದಳು. ಸೃಷ್ಟಿ ತಾಯಿಯ ತೊಡೆಯ ಮೇಲಿದ್ದಳು. ಪಕ್ಕದಲ್ಲೇ ನನ್ನ ಹಸಿರು ಪಟ್ಟಿ ಬೆಳಗುತ್ತಿತ್ತು. ಮಗು ಆ ಕಡೆ ತಿರುಗಲಿಲ್ಲ.

ತಾಯಿ ಬೈಯಲಿಲ್ಲ. "ಹೋದ ವಾರ ಸಮುದ್ರಕ್ಕ ಹೋಗಿದ್ವಿರಿ ಅಕ್ಕಾರ," ಅಂದಳು. "ಸಪ್ಪಳಾ ಕೇಳಿ ನಕ್ಕಳು. ಎಷ್ಟು ದೊಡ್ಡದೈತಿ ಯವ್ವಾ ಅಂತ ಕೇಳಿದ್ಲು. ನನಗ ಹೇಳಾಕ ಬರ್ಲಿಲ್ಲ."

ಈಗ ನಾನು ಸೀಸೆಯ ತಳದಲ್ಲಿ ಒಂದಿಷ್ಟು ಉಳಿದಿದ್ದೇನೆ. ಫ್ರೀಜರಿನ ಮೂಲೆ, ಸುತ್ತ ಹಿಮ. ಮುಕ್ತಾ ನನ್ನನ್ನು ಮುಟ್ಟುವುದಿಲ್ಲ, ಎಸೆಯುವುದೂ ಇಲ್ಲ. ಕಾಣಿಸಲೆಂದೇ ನಾನು ಹುಟ್ಟಿದ್ದು. ಕಾಣದೆ ಹೋದದ್ದು ಒಂದೇ ಸಲ. ಆಗ ಮಗುವಿಗೆ ಇನ್ನೂ ಕಣ್ಣಿತ್ತು.