ಎರಡನೇ ಓಟ

ಆ ಬೇಸಿಗೆಯಲ್ಲಿ ಆರ್ಸೆನ್‌ನ ಗಾಳಕ್ಕೆ ಒಂದೇ ಒಂದು ದೊಡ್ಡ ಗಾರ್ ಮೀನೂ ನಿಲ್ಲಲಿಲ್ಲ. ಕಚ್ಚುತ್ತಿದ್ದವು, ಅದಕ್ಕೇನೂ ಬರವಿರಲಿಲ್ಲ. ಬೆಂಡು ಗುಳುಂ ಎಂದು ಮುಳುಗುತ್ತಿತ್ತು, ಹುರಿ ಸರಸರನೆ ಓಡುತ್ತಿತ್ತು, ಇವನು ಎದ್ದು ನಿಂತು ಮೈಯೆಲ್ಲ ಬಲ ಹಾಕಿ ಜಗ್ಗುತ್ತಿದ್ದ. ಕೊನೆಗೆ ಮೇಲೆ ಬರುತ್ತಿದ್ದದ್ದು ಬರೀ ಗಾಳ, ಅದರಲ್ಲಿ ಹಲ್ಲಿನ ಗುರುತು ಬಿದ್ದ ಕಾರ್ಪ್ ಮೀನಿನ ತುಂಡು. ಲೂಯಿಸಿಯಾನಾದ ಆ ಜೌಗಿನಲ್ಲಿ ಹುಟ್ಟಿ, ಅಲ್ಲೇ ತಲೆ ಹಣ್ಣಾದವನಿಗೆ ಇಂಥ ಗತಿ ಬರಬಾರದಿತ್ತು.

ಗಾರ್ ಹಿಡಿಯುವುದು ಹುಡುಗಾಟವಲ್ಲ ಅನ್ನಿ. ಅದರ ಮೈಮೇಲೆ ಕೊಡಲಿಗೂ ಬಗ್ಗದ ಹುರುಪೆ, ಮೊಸಳೆಯದೇ ಮೂತಿ, ಬಾಯಿ ಪೂರಾ ಮೂಳೆ. ಗಾಳದ ಮೊನೆ ನಾಟಿಸೋಣವೆಂದರೆ ಮೆತ್ತನೆಯ ಜಾಗವೇ ಇಲ್ಲ. ಅದು ತುಂಡನ್ನು ಅಡ್ಡಡ್ಡ ಕಚ್ಚಿಕೊಂಡು ಮೊದಲು ಒಂದು ಓಟ ಓಡುತ್ತದೆ. ಆಗ ಜಗ್ಗಿದರೆ ಮುಗಿಯಿತು, ಬಾಯಿ ತೆರೆದು ಬಿಟ್ಟುಬಿಡುತ್ತದೆ. ಓಡಿದ್ದು ಎಲ್ಲೋ ನಿಲ್ಲುತ್ತದೆ. ನಿಂತು ತುಂಡನ್ನು ಬಾಯಲ್ಲೇ ಹೊರಳಿಸಿ, ತಲೆಯ ಕಡೆಯಿಂದ ನುಂಗುತ್ತದೆ. ನುಂಗಿದ್ದು ಮತ್ತೆ ಹೊರಟಾಗ, ಆ ಎರಡನೇ ಓಟದಲ್ಲಿ, ಜಗ್ಗಬೇಕು. ಅಷ್ಟು ಹೊತ್ತೂ ದೋಣಿಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಸೊಳ್ಳೆ ಕಚ್ಚಿದರೂ ಹೊಡೆಯುವಂತಿಲ್ಲ. ಹಲಗೆಯ ಮೇಲೆ ಕಾಲು ಸರಿಸಿದರೂ ನೀರಿನಡಿ ಅದಕ್ಕೆ ಗೊತ್ತಾಗುತ್ತದೆ ಎಂದು ಅಲ್ಲಿಯವರ ನಂಬಿಕೆ.

ಇನ್ನು ಆರ್ಸೆನ್‌ನ ದೋಣಿಯಲ್ಲಿ ಹಿಂದೆ ಕೂತು ಹುರಿ ಬಿಡುತ್ತಿದ್ದವಳು ಅವನ ಹೆಂಡತಿ ಯೂಲಾಲಿ. ಅವಳೋ ಮಾತಿನ ಮಲ್ಲಿ. ಸೈಪ್ರಸ್ ಮರದ ಮೇಲಿನ ಬೆಳ್ಳಕ್ಕಿ ಕಂಡರೂ ಅದರ ಸಂಸಾರದ ಸುದ್ದಿ ಮಾತಾಡಬೇಕು ಅವಳಿಗೆ. ಬೆಂಡು ಮುಳುಗಿದಾಗ ಮಾತ್ರ ಸುಮ್ಮನಾಗುತ್ತಿದ್ದಳು, ಅದೂ ಮಾತನ್ನು ಅರ್ಧಕ್ಕೆ ತುಂಡರಿಸಿ. ಹಾಗಾಗಿ ಮೀನು ತಪ್ಪಿದಾಗಲೆಲ್ಲ ಆರ್ಸೆನ್‌ಗೆ ನೆಪ ಸಿದ್ಧವಾಗಿ ಕೈಯಲ್ಲೇ ಇರುತ್ತಿತ್ತು. ದಡದ ಅಂಗಡಿಯಲ್ಲೂ ಅದನ್ನೇ ಹೇಳಿದ. ಅಲ್ಲಿ ಕೂತಿದ್ದವರು ಕೇಕೆ ಹಾಕಿ ನಕ್ಕರು. "ಯೂಲಾಲಿ ಬಾಯಿ ತೆಗೆದ್ರೆ ಸಾಕು, ಗಾರೂ ಬಾಯಿ ತೆಗೀತದಂತೆ ಕಣ್ರಪ್ಪಾ!" ಎಂದು ಒಬ್ಬ ಕೂಗಿದ. ಆ ಮಾತು ಊರೆಲ್ಲ ಸುತ್ತಿ ಯೂಲಾಲಿಯ ಕಿವಿಗೂ ಬಿತ್ತು.

ನಿಜ ಏನೆಂದು ಆರ್ಸೆನ್‌ಗೆ ಒಳಗೊಳಗೇ ಗೊತ್ತಿತ್ತು. ಅವನು ಮೊದಲ ಓಟದಲ್ಲೇ ಜಗ್ಗುತ್ತಿದ್ದ. ಕೈಯಲ್ಲಿ ಮೊದಲಿನ ಬಲವಿಲ್ಲ, ಮುಂಜಾನೆಗೆ ಬೆರಳು ಮರಗಟ್ಟುತ್ತವೆ, ಹುರಿ ಓಡುತ್ತಿದ್ದರೆ ಇನ್ನೇನು ಹೋಯಿತು, ಹೋಯಿತು ಎಂದು ಎದೆ ಡವಡವ ಹೊಡೆದುಕೊಳ್ಳುತ್ತದೆ. ಕಾಯಲು ಆಗುತ್ತಿರಲಿಲ್ಲ ಅವನಿಗೆ. ಮುದಿತನ ಎಂದು ಒಪ್ಪಿಕೊಳ್ಳುವುದಕ್ಕಿಂತ ಹೆಂಡತಿಯ ಬಾಯಿ ಎನ್ನುವುದು ಸುಲಭ. ಎಂಥ ಗಂಡಸು ನೋಡಿ!

ಆ ಶುಕ್ರವಾರ ಸಂಜೆಯೂ ಒಂದು ತಪ್ಪಿತು. ದೋಣಿ ಕಟ್ಟುತ್ತಾ ಅವನು ಅವಳ ಮುಖ ನೋಡದೆ ಹೇಳಿದ. "ಸೋಮವಾರದಿಂದ ನ್ಯೂಮಾ ಬರ್ತಾನೆ ಹುರಿ ಬಿಡೋಕೆ. ನೀನು ಮನೇಲಿರು."

ನ್ಯೂಮಾ ಅವನ ತಂಗಿಯ ಮಗ. ಮೂವತ್ತು ದಾಟಿದ ಗಟ್ಟಿ ಆಳು, ಎರಡು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವವನು.

ಯೂಲಾಲಿ ಬುಟ್ಟಿ ಕೆಳಗಿಟ್ಟಳು. "ಮನೇಲಿ ಇದ್ದು ಏನ್ ಮಾಡ್ಲಿ?"

"ಎಲ್ಲರ ಮನೆ ಹೆಂಗಸ್ರು ಏನ್ ಮಾಡ್ತಾರೋ ಅದನ್ನೇ ಮಾಡು."

"ಎಲ್ಲರ ಮನೇಲೂ ಯಾರಾದ್ರೂ ಇರ್ತಾರೆ ಕಣೋ," ಎಂದಳು ಅವಳು.

ಅವರಿಗೆ ಒಬ್ಬಳೇ ಮಗಳಿದ್ದಳು, ಕ್ಲೆಲಿ. ಏಳು ವರ್ಷಕ್ಕೆ ಗಂಟಲು ಕಟ್ಟುವ ಜ್ವರ ಬಂದು ತೀರಿಕೊಂಡಳು. ಅದಾದ ಮೇಲೆ ಯೂಲಾಲಿಗೆ ಆ ಮನೆಯಲ್ಲಿ ಒಬ್ಬಳೇ ಕೂರಲು ಆಗಲೇ ಇಲ್ಲ. ಗಡಿಯಾರದ ಸದ್ದು ಕೇಳಿದರೆ ಎದ್ದು ಹೊರಗೆ ಓಡುತ್ತಿದ್ದಳು. ಒಂದು ದಿನ ತಾನಾಗಿಯೇ ಬಂದು ದೋಣಿಯ ಹಿಂದಿನ ಹಲಗೆಯ ಮೇಲೆ ಕೂತಳು. ಅವತ್ತಿನಿಂದ ಅದೇ ಅವಳ ಜಾಗ. ಮಾತು ಶುರುವಾದದ್ದೂ ಆಮೇಲೆಯೇ. ಮೊದಲು ಅವಳು ಅಷ್ಟು ಮಾತಿನವಳಾಗಿರಲಿಲ್ಲ.

"ನಾಳೆ ಒಂದಿನ ಕರ್ಕೊಂಡು ಹೋಗು," ಎಂದಳು. "ಒಂದ್ ಪಿಟ್ ಅಂದ್ರೆ ಕೇಳು. ಹಾಗೇನಾದ್ರೂ ಅಂದ್ರೆ ಸೋಮವಾರ ನಾನೇ ನ್ಯೂಮಾಗೆ ಊಟದ ಡಬ್ಬಿ ಕಟ್ಟಿ ಕೊಡ್ತೀನಿ."

"ಮೀನು ಸಿಕ್ಕಿದ್ರೆ?"

"ಸಿಕ್ಕಿದ್ರೆ ನನ್ ಜಾಗ ನನಗೆ. ಆಮೇಲೆ ನೀನೂ ಆ ಮಾತು ಎತ್ತಬಾರದು, ಅಂಗಡಿಯವರೂ ಎತ್ತಬಾರದು."

ಅವನು ಹೂಂ ಎಂದ.

ಶನಿವಾರ ಬೆಳಕು ಹರಿಯುವ ಮೊದಲೇ ಅವಳು ಕಪ್ಪು ಕಾಫಿ ಕಾಸಿದಳು. ಹಿಂದಿನ ರಾತ್ರಿಯ ಅನ್ನ, ಮೀನಿನ ಕರಿದ ಉಂಡೆ ಡಬ್ಬಿಗೆ ತುಂಬಿದಳು. ಅರ ಹಿಡಿದು ಗಾಳದ ಮೂರೂ ಮೊನೆ ಉಜ್ಜಿದಳು, ಉಗುರಿನ ಮೇಲೆ ಒತ್ತಿ ನೋಡಿ ಮತ್ತೆ ಉಜ್ಜಿದಳು. ಅಷ್ಟೂ ಹೊತ್ತು ಬಾಯಿಗೆ ಬಿಡುವಿರಲಿಲ್ಲ.

"ಎಷ್ಟು ಮಾತಾಡ್ತೀಯೇ!" ಎಂದ ಅವನು.

"ಇವತ್ತಿಂದು ಎಲ್ಲಾ ಈಗ್ಲೇ ಮುಗಿಸಿಬಿಡ್ತೀನಿ ಸುಮ್ನಿರು. ಸ್ವಲ್ಪ ಉಳಿದಿದೆ." ಬುಟ್ಟಿ ಎತ್ತಿಕೊಂಡು ಅವಳೇ ನಕ್ಕಳು. ಅವನೂ ನಗಬಹುದಿತ್ತು, ನಗಲಿಲ್ಲ.

ನೀರು ಇಳಿದಿತ್ತು. ಮೋಡ ಮರದ ತಲೆಯ ಮೇಲೇ ಕೂತಂತಿತ್ತು, ಗಾಳಿಯ ಸುಳಿವಿಲ್ಲ. ಮರದ ಕೊಂಬೆಯಿಂದ ಇಳಿಬಿದ್ದ ಬೂದು ಪಾಚಿ ಅಲ್ಲಾಡುತ್ತಲೇ ಇರಲಿಲ್ಲ. ಕಾಲುವೆಯ ತಿರುವಿನಲ್ಲಿ ನೀರು ಆಳವಿದ್ದ ಕಡೆ ಮೋಟರು ನಿಲ್ಲಿಸಿ, ಹುಟ್ಟು ಹಾಕಿಕೊಂಡು ಹೋಗಿ ಮೆಲ್ಲಗೆ ಲಂಗರು ಬಿಟ್ಟ. ಅಲ್ಲಿ ದೊಡ್ಡದೊಂದು ಗಾರ್ ಮೇಲೆ ಬಂದು ಗಾಳಿ ನುಂಗಿ ಹೋಗುವುದನ್ನು ಅವನು ಆ ವಾರವೆಲ್ಲ ನೋಡಿದ್ದ. ಅವನು ಮುಂದುಗಡೆ ಕೂತ. ಅವಳು ಹಿಂದುಗಡೆ, ಮೊಣಕಾಲ ನಡುವೆ ಹುರಿ ಸುತ್ತಿಟ್ಟ ತಗಡಿನ ಬೋಗುಣಿ. ಹುರಿಯ ಕೊನೆ ಅವಳ ಪಕ್ಕದ ಗೂಟಕ್ಕೆ ಕಟ್ಟಿತ್ತು.

ಗಾಳ ನೀರಿಗೆ ಬಿದ್ದ ಮೇಲೆ ಅವಳು ತುಟಿ ಎರಡು ಮಾಡಲಿಲ್ಲ. ಬೆಂಡು ಅಲುಗದಿದ್ದಾಗಲೂ ಮಾತಿಲ್ಲ. ಅವನಿಗೆ ಅದು ಬೇರೆ ಯಾರದೋ ದೋಣಿಯಂತೆ ಅನಿಸಿತು. ಒಮ್ಮೆ ತಿರುಗಿ ನೋಡಿದ. ಅವಳು ಹುಬ್ಬು ಹಾರಿಸಿ, ಏನು, ಎಂದು ಸನ್ನೆಯಲ್ಲೇ ಕೇಳಿದಳು. ಅವನು ಮುಂದೆ ತಿರುಗಿಕೊಂಡ.

ಹೊತ್ತು ಏರಿದ ಮೇಲೆ ಬೆಂಡು ಒಮ್ಮೆ ಓಲಾಡಿತು. ಆಮೇಲೆ ಯಾರೋ ಕೆಳಗಿಂದ ಕಾಲು ಹಿಡಿದೆಳೆದ ಹಾಗೆ ಹೋಯಿತು.

ಹುರಿ ಅವನ ಅಂಗೈ ಮೇಲೆ ಓಡತೊಡಗಿತು. ದಪ್ಪ ಮೀನು, ಅವಸರವಿಲ್ಲದ ಮೀನು. ಜಗ್ಗು, ಜಗ್ಗು ಎಂದು ಕೈ ತುರಿಸಿತು. ಬೆರಳು ಬಿಗಿಯಲು ಹೊರಟವನು ತಡೆದುಕೊಂಡ. ಈಗ ಜಗ್ಗಿ ತಪ್ಪಿದರೆ ಇವತ್ತು ಹೇಳಲು ನೆಪವಿಲ್ಲ. ಹಿಂದೆ ಕೂತವಳು ಕಲ್ಲಿನಂತೆ ಕೂತಿದ್ದಾಳೆ. ಈ ಭಯಕ್ಕೇ ಅವನು ಆ ಬೇಸಿಗೆಯಲ್ಲಿ ಮೊದಲ ಸಲ ಕಾದ.

ಓಟ ನಿಂತಿತು.

ಆಮೇಲೆ ಅವನು ನೆನೆಸದ ಕೆಲಸವನ್ನು ಮೀನು ಮಾಡಿತು. ತುಂಡನ್ನು ಹೊರಳಿಸುತ್ತಾ ದೋಣಿಯ ಕಡೆಗೇ ತಿರುಗಿ ಬಂತು. ಹುರಿ ಸಡಿಲವಾಗಿ ನೀರಿನ ಮೇಲೆ ಬಳುಕಿತು. ಸಡಿಲ ಬಿಟ್ಟರೆ ಜಗ್ಗಿದ್ದು ಬಾಯಿಗೆ ಮುಟ್ಟುವುದಿಲ್ಲ. ಅವನು ತಾನು ಎಳೆದುಕೊಂಡಷ್ಟನ್ನೂ ಹಿಂದಕ್ಕೆ ಸರಿಸುತ್ತಾ, ಬೆನ್ನ ಹಿಂದೆ ಬೆರಳಾಡಿಸಿ, ಒಳಗೆ ತಗೋ, ತಗೋ ಎಂದು ಸನ್ನೆ ಮಾಡಿದ. ಅವಳು ತೆಗೆದುಕೊಳ್ಳುತ್ತಿರುವುದು ಹುರಿಯಲ್ಲೇ ಅವನಿಗೆ ತಿಳಿಯುತ್ತಿತ್ತು. ಎಷ್ಟು ನಾಜೂಕಾದ ಕೈ! ಒಂದು ಹನಿ ನೀರಿನ ಸದ್ದೂ ಇಲ್ಲ.

ಮೀನು ಮತ್ತೆ ಹೊರಟಿತು. ಈ ಸಲ ಬಾಣ ಬಿಟ್ಟ ಹಾಗೆ.

ಅದೇ ಹೊತ್ತಿಗೆ ಹಿಂದುಗಡೆ ಬೋಗುಣಿಗೆ ಮೊಣಕಾಲು ತಾಗಿದ ಸಣ್ಣ ಸದ್ದು. ಅವನಿಗೆ ಮೈಯೆಲ್ಲ ಉರಿಯಿತು. ತಿರುಗಲಿಲ್ಲ. ಎಡಗೈಯನ್ನು ಹಿಂದಕ್ಕೆ ಚಾಚಿ, ಸುಮ್ಮನಿರು ಎಂದು ಬೀಸಿದ. ಸದ್ದು ನಿಂತಿತು. ಅವನು ಎದ್ದು, ಕಾಲು ಊರಿ, ಇಡೀ ಮೈಯನ್ನು ಹಿಂದಕ್ಕೆಸೆದು ಜಗ್ಗಿದ.

ಗಾಳ ನಾಟಿತು. ಹಾಗೆ ನಾಟಿದ್ದು ಅವನ ಕೈಗೆ ಗೊತ್ತಾಗಿ ವರ್ಷವಾಗಿತ್ತು. ನೀರು ಒಡೆದು ದೋಣಿಯುದ್ದದ ಬೆನ್ನು ಹೊರಳಿತು.

"ಹತ್ತಿತು ಕಣೇ! ಹತ್ತಿತು! ಬಿಡು ಹುರಿ, ಬಿಡು!"

ಹುರಿ ಬರಲಿಲ್ಲ. ಬಿಗಿದು ಕಿರ್ರೆಂದಿತು. ದೋಣಿಯ ಮೂತಿ ಪಕ್ಕಕ್ಕೆ ವಾಲಿತು.

"ಯಾಕೇ ಹಿಡ್ಕೊಂಡಿದೀಯ? ಬಿಡೇ ಮುಂಡೇದೆ, ಬಿಡೂ!" ಎಂದು ಕಿರುಚಿ ಅವನು ತಿರುಗಿದ.

ಯೂಲಾಲಿ ದೋಣಿಯ ಅಂಚಿಗೆ ಎದೆ ಒತ್ತಿ ಬಿದ್ದಿದ್ದಳು. ಒಳಗೆ ತೆಗೆದುಕೊಂಡ ಸಡಿಲ ಹುರಿಯ ಸುತ್ತೊಂದು ಅವಳ ಬಲಗೈಗೆ ಬಿದ್ದು, ಬೆರಳುಗಳನ್ನು ಒಟ್ಟಿಗೆ ಬಿಗಿದುಕೊಂಡು ಗೂಟಕ್ಕೆ ಎಳೆದಿತ್ತು. ಮುಖ ಬಿಳುಚಿ ಹೋಗಿತ್ತು. ಎಡಗೈಯಿಂದ ಅವಳು ತನ್ನ ಬಾಯನ್ನೇ ಮುಚ್ಚಿಕೊಂಡಿದ್ದಳು.

ಚಾಕು ಎಲ್ಲಿತ್ತೋ, ಹೇಗೆ ಕೈಗೆ ಬಂತೋ ಅವನಿಗೆ ನೆನಪಿಲ್ಲ. ಹುರಿ ಕತ್ತರಿಸಿದ. ಮೀನು ಗಾಳ, ಅದಕ್ಕೆ ಕಟ್ಟಿದ್ದ ತಂತಿ, ಹುರಿ ಎಲ್ಲ ಹೊತ್ತುಕೊಂಡು ಹೋಯಿತು. ಬೋಗುಣಿಯ ತಗಡಿನ ಮೇಲೆ ರಕ್ತ ತಟತಟನೆ ಬೀಳುತ್ತಿತ್ತು. ಅಂಗಿ ಬಿಚ್ಚಿ ಅವಳ ಕೈಗೆ ಸುತ್ತಿದ. ಅದರೊಳಗೆ ಇರಬೇಕಾದಷ್ಟು ಬೆರಳು ಇರಲಿಲ್ಲ.

ಮೋಟರು ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಹತ್ತಿತು. ದಡ ದೂರ. ಅವಳು ದೋಣಿಯ ತಳದಲ್ಲಿ ಅವನ ಕಾಲಿಗೊರಗಿ ಮಲಗಿದ್ದಳು, ಕಣ್ಣು ತೆರೆದೇ ಇತ್ತು.

"ಮಾತಾಡೇ," ಎಂದ ಅವನು. "ಯೂಲಾಲಿ, ಏನಾದ್ರೂ ಮಾತಾಡೇ. ಬೈಯೇ ನನ್ನ. ಅಗೋ ಬೆಳ್ಳಕ್ಕಿ ನೋಡು, ಮೂರು ಕೂತಿವೆ. ಅವರ ಮನೇಲಿ ಏನಾಯ್ತಂತೆ ಹೇಳೇ..."

ಅವಳು ಹೇಳಲಿಲ್ಲ. ಅವನು ದಾರಿಯುದ್ದಕ್ಕೂ ಬೇಡಿಕೊಂಡ, ಅತ್ತ, ಕ್ಲೆಲಿಯ ಹೆಸರೂ ಎತ್ತಿದ. ಅಷ್ಟು ವರ್ಷದಲ್ಲಿ ಅವನು ಆ ಹೆಸರನ್ನು ದೋಣಿಯಲ್ಲಿ ಎತ್ತಿದ್ದೇ ಇಲ್ಲ. ಮೋಟರಿನ ಸದ್ದೊಂದೇ ಕೇಳುತ್ತಿತ್ತು.

ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು ಕೈಯನ್ನು ಹೊಲಿದರು. ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನ ಮೂರು ಹೋದವು. ಮಾರನೆಯ ದಿನ, ಭಾನುವಾರ, ಚರ್ಚಿನ ಗಂಟೆ ಬಾರಿಸುವ ಹೊತ್ತಿಗೆ ಅವಳು ಸರಿಯಾಗಿ ಎಚ್ಚರಗೊಂಡಳು. ಆರ್ಸೆನ್ ಅದೇ ರಕ್ತದ ಪ್ಯಾಂಟಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ.

"ಹತ್ತಿತ್ತಾ?" ಎಂದಳು.

"ಹತ್ತಿತ್ತು."

"ಗಟ್ಟಿಯಾಗಿ?"

"ಗಟ್ಟಿಯಾಗಿ. ನಾನು ಹುರಿ ಕತ್ತರಿಸಿದೆ, ಇಲ್ಲದಿದ್ರೆ ಅದು ಹೋಗ್ತಿರಲಿಲ್ಲ."

"ನಾನು ಬಾಯಿ ಬಿಡಲಿಲ್ಲ."

"ಬಿಡಲಿಲ್ಲ," ಎಂದ ಅವನು. "ಯಾಕೇ ಬಿಡಲಿಲ್ಲ? ಒಂದ್ ಕೂಗು ಹಾಕಿದ್ರೆ ನಿಲ್ಲಿಸ್ತಿರಲಿಲ್ವೇನೇ ನಾನು?"

"ಸಿಕ್ಕಿದ ಕೈ ಬಿಡಿಸ್ಕೋಬಹುದು ಅಂದ್ಕೊಂಡೆ. ಬಿಡಿಸ್ತಾನೂ ಇದ್ದೆ. ನೀನು ಸುಮ್ನಿರು ಅಂತ ಕೈ ಬೀಸಿದೆ."

ಅವನು ತಲೆ ತಗ್ಗಿಸಿದ. ಸ್ಟೂಲಿನಿಂದ ಜಾರಿ ಮಂಚದ ಪಕ್ಕ ನೆಲದ ಮೇಲೆ ಮೊಣಕಾಲೂರಿ, ಅವಳ ಚೆನ್ನಾಗಿದ್ದ ಕೈಗೆ ಹಣೆ ಒತ್ತಿದ. ಇಷ್ಟು ದಿನ ಗಂಟಲಲ್ಲಿ ಹೂತಿಟ್ಟಿದ್ದನ್ನು ಆಗ ಕಕ್ಕಿದ. "ನಿನ್ ಬಾಯಿಂದ ಅಲ್ಲ ಕಣೇ ಮೀನು ತಪ್ತಿದ್ದಿದ್ದು. ನನ್ ಕೈಯಿಂದ. ಮೊದಲನೇ ಓಟಕ್ಕೇ ಜಗ್ತಿದ್ದೆ. ಕಾಯೋಕೆ ಆಗ್ತಿರಲಿಲ್ಲ ನಂಗೆ. ಊರ ಮುಂದೆ ನಿನ್ ಮೇಲೆ ಹಾಕಿದೆ."

"ಗೊತ್ತು."

ಅವನು ತಲೆ ಎತ್ತಿದ.

"ಗೊತ್ತಿಲ್ದೆ ಏನು? ಹುರಿ ನನ್ ಕೈ ದಾಟಿ ತಾನೆ ನಿನ್ ಕೈಗೆ ಬರೋದು? ನೀನು ಯಾವಾಗ ಜಗ್ಗಿದೆ ಅಂತ ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೇ ಹೇಳಲಿಲ್ಲ? ಅಂಗಡಿಯವರು ಆಡ್ಕೊಳ್ಳೋವಾಗ್ಲಾದ್ರೂ ಹೇಳಬಾರದಿತ್ತಾ?"

"ನಿನ್ ಕೈ ಹೋಯ್ತು ಅಂತ ಹೇಳಿದ್ರೆ ನೀನು ದೋಣಿ ಮಾರಿಬಿಡ್ತಿದ್ದೆ. ನಿನ್ನ ನಾನು ಬಲ್ಲೆ. ಆಮೇಲೆ ನಾನು ಎಲ್ಲಿಗೆ ಹೋಗ್ಲಿ? ತಪ್ಪು ನನ್ ಬಾಯಿದು ಅಂದ್ರೆ ಅದನ್ನ ಮುಚ್ಚಬಹುದಲ್ಲ ಅಂದ್ಕೊಂಡೆ."

ಹೊರಗೆ ಯಾರೋ ತಳ್ಳುಗಾಡಿ ನೂಕಿಕೊಂಡು ಹೋದರು. ಯೂಲಾಲಿ ಬಟ್ಟೆ ಸುತ್ತಿದ ಕೈಯನ್ನು ಎದೆಯ ಮೇಲೆ ಎತ್ತಿಟ್ಟುಕೊಂಡು ಅದನ್ನೇ ನೋಡಿದಳು. ಅದರ ಆಕಾರದಿಂದಲೇ ಅವಳಿಗೆ ಅರ್ಥವಾಗಿತ್ತು ಎಂದು ಕಾಣುತ್ತದೆ, ಎಷ್ಟು ಹೋಯಿತೆಂದು ಕೇಳಲಿಲ್ಲ.

"ನ್ಯೂಮಾಗೆ ನಾಳೆ ಬರಬೇಡ ಅಂತ ಹೇಳಿ ಕಳಿಸ್ತೀನಿ," ಎಂದ ಆರ್ಸೆನ್ ಗಡಬಡಿಸಿ. "ನಿನ್ ಜಾಗ ನಿನಗೇ. ಮಾತಾಡ್ಕೊಂಡು ಕೂತಿರು, ಎಷ್ಟು ಬೇಕಾದ್ರೂ ಮಾತಾಡು. ಹುರಿ ನಾನೇ ಬಿಡ್ತೀನಿ, ನಾನೇ ಜಗ್ತೀನಿ."

"ಬರ್ಲಿ ಬಿಡು ಅವನು," ಎಂದಳು ಅವಳು. "ಬರೀ ಕೂರೋಕೆ ನಾನ್ ಬರಲ್ಲ."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿಕೊಂಡಳು. ಅವನು ಹೊತ್ತು ಮುಳುಗುವವರೆಗೂ ಅಲ್ಲೇ ಕೂತು, ಇದು ಬೇಕಾ, ಅದು ಬೇಕಾ, ದಿಂಬು ಏರಿಸಲಾ ಎಂದು ಕೇಳುತ್ತಲೇ ಇದ್ದ. ಅವಳು ಒಂದಕ್ಕೂ ಉತ್ತರ ಕೊಡಲಿಲ್ಲ.