ಮೂರು ಸರ್ಕಾರಗಳ ಗುಂಡಿ

“ಏನೋ ಬೋಳಿಮಗನೆ, ಮದುವೆ ಗಂಡಿನ ಥರ ನಿಂತಿದೀಯ? ಒಳಗೆ ಸಾಹೇಬ್ರುಗಳು ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿದಾರೆ. ಇಳಿಯೋ.”

ಮೇಸ್ತ್ರಿ ಬೈದದ್ದು ಅತ್ತಿಗೆಯ ಮೈದುನನಿಗೆ. ಅವನು ಅಂಗಿ ಬಿಚ್ಚಿ ಮ್ಯಾನ್‌ಹೋಲಿನ ಬಾಯಿಯ ಬಳಿ ನಿಂತಿದ್ದ. ಅವನ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದವಳು ಅತ್ತಿಗೆ. ಅವನ ಅಣ್ಣನ ಹೆಂಡತಿ ನಿಜ, ಆದರೆ ಚರಂಡಿ ಕೆಲಸದವರ ಗಲ್ಲಿಗೆಲ್ಲ ಅವಳು ಅತ್ತಿಗೆಯೇ. ಗುಂಡಿಯಿಂದ ಕೊಳೆತ ಮೊಟ್ಟೆಯ ನಾತ ಮೇಲೇಳುತ್ತಿತ್ತು. ಮೇಲುಮೇಲಿನ ಹೊಲಸನ್ನು ಮೊಗೆದು ತುಂಬಿದ ಬಕೆಟ್ಟು ಪಕ್ಕದಲ್ಲಿತ್ತು.

ಎದುರಿಗೇ ಸಭಾಭವನ. ಬಾಗಿಲ ಮೇಲಿನ ಬ್ಯಾನರಿನಲ್ಲಿ “ಮೂರು ಸರ್ಕಾರ, ಒಂದೇ ಹೆಜ್ಜೆ” ಎಂದಿತ್ತು. ದೇಶದ ಸರ್ಕಾರ, ರಾಜ್ಯದ ಸರ್ಕಾರ, ಊರಿನ ನಗರಸಭೆ ಮೂರೂ ಹೇಗೆ ಹೊಂದಿಕೊಂಡು ಕೆಲಸ ಮಾಡಬೇಕೆಂದು ಬೆಳಗಿನಿಂದ ಭಾಷಣ ನಡೆದಿತ್ತು. ಚಹಾ ಬಿಡುವಿನಲ್ಲಿ ಮೂರೂ ಸರ್ಕಾರದವರು ಒಟ್ಟಿಗೇ ಕಕ್ಕಸಿಗೆ ನುಗ್ಗಿದರು. ಹಾಕಿದ ನೀರು ಕೆಳಗಿಳಿಯುವ ಬದಲು ಮೇಲೆ ಬಂತು. ಜತೆಗೆ ಉಳಿದದ್ದೂ ಬಂತು. ಭವನದ ಪೈಪು ಬಂದು ಸೇರುವುದು ಈ ಗುಂಡಿಗೇ.

ಹೋದ ಸಲ ಇದೇ ಗುಂಡಿಗೆ ಇಳಿದವನು ಅತ್ತಿಗೆಯ ಗಂಡ. ಹಗ್ಗ ಎಳೆದಾಗ ಬಂದದ್ದು ಹೆಣ. ಅವಳು ಮೂರೂ ಕಚೇರಿ ಅಲೆದಳು. ನಗರಸಭೆಯವರು, ಮುಚ್ಚಳ ಮಾತ್ರ ನಮ್ಮದು ಅಂದರು. ರಾಜ್ಯದವರು, ಪೈಪು ಮಾತ್ರ ನಮ್ಮದು, ಅವನು ಪೈಪಿನೊಳಗೆ ಸತ್ತಿಲ್ಲ ಅಂದರು. ದೇಶದವರು, ಮೇಲಿನ ಹೆದ್ದಾರಿ ಮಾತ್ರ ನಮ್ಮದು, ರಸ್ತೆ ಮೇಲೆ ಸತ್ತಿದ್ದರೆ ನೋಡಬಹುದಿತ್ತು ಅಂದರು. ಕೊನೆಗೆ ಒಂದೇ ಒಂದು ಮಾತಿಗೆ ಮೂವರೂ ಒಪ್ಪಿದರು: ಯಾರೋ ದಾರಿಹೋಕ, ಕುಡಿದು ಬಿದ್ದು ಸತ್ತ. ದಿನವಿಡೀ ಹೇಲು ಬಾಚುತ್ತಿದ್ದ ಆ ಮನುಷ್ಯನಿಗೆ ಹೆಂಡದ ವಾಸನೆ ಬಂದರೆ ಮಾತ್ರ ವಾಂತಿ ಬರುತ್ತಿತ್ತು.

ಗಂಟು ಬಿಗಿಯುತ್ತಿದ್ದ ಅತ್ತಿಗೆಯ ಕೈ ನಿಂತಿತು. ಹಾಕಿದ ಗಂಟನ್ನೇ ಬಿಚ್ಚತೊಡಗಿದಳು.

“ಅಂಗಿ ಹಾಕ್ಕೊಳೋ.”

“ಯಾಕತ್ತಿಗೆ?”

“ಗುಂಡಿ ಯಾರದು ಅಂತ ಮೊದ್ಲು ಗೊತ್ತಾಗ್ಲಿ.”

“ನಿಮ್ಮಪ್ಪಂದು ಕಣೆ,” ಅಂದ ಮೇಸ್ತ್ರಿ. “ಸುಮ್ನೆ ಇಳಿಸೇ.”

“ನಮ್ಮಪ್ಪಂದಾಗಿದ್ರೆ ಯಾವತ್ತೋ ಮಣ್ಣು ಹಾಕಿ ಮುಚ್ತಿದ್ದ. ಹೊಲಸು ಹೀರ್ಕೊಳ್ಳೋ ಗಾಡಿ ಇದೆಯಲ್ಲ, ಅದನ್ನ ತರಿಸು.”

“ಗಾಡಿ ಕೊಟ್ಟಿದ್ದು ದೇಶದೋರು. ಡ್ರೈವರ್‌ನ ರಾಜ್ಯದೋರು ಕೊಡ್ಬೇಕು. ಡೀಸೆಲ್ ನಗರಸಭೆಯೋರು ಹಾಕ್ಬೇಕು. ಶೆಡ್ಡಲ್ಲಿ ಅದರ ಕೆಳಗೆ ನಾಯಿ ಮರಿ ಹಾಕ್ಕೊಂಡಿದೆ, ಹೋಗಿ ನೋಡು.”

ಅಷ್ಟರಲ್ಲಿ ಮೂರು ಕಡೆಯ ಮೂವರು ಎಂಜಿನಿಯರುಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊರಬಂದರು. ಗಲ್ಲಿಯವರ ಬಾಯಲ್ಲಿ ಅವರು ಊರಿನ ಸಾಹೇಬ, ರಾಜ್ಯದ ಸಾಹೇಬ, ದೇಶದ ಸಾಹೇಬ.

“ಮನುಷ್ಯರನ್ನ ಗುಂಡಿಗೆ ಇಳಿಸೋದು ಕಾನೂನಿಗೆ ವಿರುದ್ಧ. ನಾವು ಇಳಿಸೋದೇ ಇಲ್ಲ,” ಎಂದು ರಾಜ್ಯದ ಸಾಹೇಬ ಅತ್ತಿಗೆಗೆ ಹೇಳಿ, ಅದೇ ಉಸಿರಿನಲ್ಲಿ ಮೇಸ್ತ್ರಿಯ ಕಡೆ ತಿರುಗಿದ. “ಬೇಗ ಇಳಿಸಯ್ಯ.”

“ಇಳೀತಾನೆ ಸ್ವಾಮಿ,” ಅಂದಳು ಅತ್ತಿಗೆ. “ಈ ಗುಂಡಿ ನಮ್ಮದು, ಇವನು ನಮ್ಮ ಕೆಲಸದೋನು ಅಂತ ನಿಮ್ಮಲ್ಲಿ ಒಬ್ರು ಬಾಯಿಬಿಡಿ. ಯಾರಾದ್ರೂ ಆಗ್ಬೋದು.”

ಬಸ್ಸಿನಲ್ಲಿ ಟಿಕೆಟ್ ತೆಗೆಯುವ ಹೊತ್ತಿಗೆ ನೆಂಟರು ಕಿಟಕಿಯಾಚೆ ನೋಡುತ್ತಾರಲ್ಲ, ಮೂವರೂ ಹಾಗೆ ನೋಡಿದರು.

“ತಾವು ಹೇಳ್ಬೋದಲ್ಲ,” ಅಂದ ಊರಿನ ಸಾಹೇಬ.

“ಛೆ, ತಾವಿರುವಾಗ,” ಅಂದ ದೇಶದ ಸಾಹೇಬ.

ಮೇಸ್ತ್ರಿ ಇದನ್ನೆಲ್ಲ ಕೇಳುತ್ತ ನಿಲ್ಲಲಿಲ್ಲ. ಕೂಲಿಯವರು ಕಾಯುವ ಸರ್ಕಲ್ಲಿಗೆ ಹೋಗಿ ಒಬ್ಬ ಗಡ್ಡದವನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಇಟ್ಟಿಗೆ ಹೊರುವವನು. ಗುಂಡಿಯ ಮುಖವನ್ನೇ ಕಂಡವನಲ್ಲ. ಏನೂ ಕೇಳದೆ ಅಂಗಿ ಬಿಚ್ಚಿ, ನೀಟಾಗಿ ಮಡಚಿ ಬೈಕಿನ ಮೇಲಿಟ್ಟ.

“ಒಳಗೆ ಗಾಳಿಯಿಲ್ಲ ಕಣಣ್ಣ,” ಅಂದಳು ಅತ್ತಿಗೆ.

“ಮನೇಲಿ ಅನ್ನಾನೂ ಇಲ್ಲ ಕಣಕ್ಕ,” ಅಂದ ಅವನು.

ಅತ್ತಿಗೆ ಗುಂಡಿಯ ಅಂಚಿಗೆ ಹೋಗಿ ಎರಡೂ ಕಾಲನ್ನು ಒಳಕ್ಕೆ ಇಳಿಬಿಟ್ಟು ಕೂತುಬಿಟ್ಟಳು. ಭವನದ ಬಾಗಿಲಲ್ಲಿದ್ದ ಪೊಲೀಸಿನವನಿಗೆ ಊರಿನ ಸಾಹೇಬ ಕಣ್ಸನ್ನೆ ಮಾಡಿದ. ಅವನು ಲಾಠಿ ಕಂಕುಳಿಗೆ ಸಿಕ್ಕಿಸಿಕೊಂಡು ಬಂದ.

“ಏಳ್ತೀಯೋ, ಎತ್ತಿ ಜೀಪಿಗೆ ಎಸೀಲೋ?”

“ಎತ್ತಪ್ಪ,” ಎಂದು ಅತ್ತಿಗೆ ಪಕ್ಕದ ಬಕೆಟ್ಟನ್ನು ಎಳೆದುಕೊಂಡು ತಲೆಯ ಮೇಲೆ ಸುರಿದುಕೊಂಡಳು.

ಚಾಚಿದ ಕೈ ಅಲ್ಲೇ ನಿಂತಿತು. “ಥೂ, ಹೊಲಸು ಮುಂಡೆ.”

“ಇದು ನಂದಲ್ಲಪ್ಪ. ಒಳಗಿರೋ ಸಾಹೇಬ್ರುಗಳದು.”

ಮೈದುನ ಮೊದಲು ಹೆದರಿದ, ಆಮೇಲೆ ಫಕ್ಕನೆ ನಕ್ಕ. ಅತ್ತಿಗೆ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ಪೊಲೀಸಿನವನು ಮಾರು ದೂರ ಹೋಗಿದ್ದ, ಮೇಸ್ತ್ರಿ ಬೈಕಿನಾಚೆ ಸೇರಿದ್ದ. ತನ್ನನ್ನು ಈಗ ಯಾರೂ ಮುಟ್ಟುವುದಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು. ಎದ್ದಳು.

“ನೀನು ಕೂತ್ಕೊ ಇಲ್ಲಿ,” ಎಂದು ಮೈದುನನನ್ನು ಗುಂಡಿಯ ಬಾಯಲ್ಲಿ ಕೂರಿಸಿ ಸಭಾಭವನದ ಕಡೆ ನಡೆದಳು.

ಮೂವರು ಸಾಹೇಬರೂ ಒಂದೇ ಹೆಜ್ಜೆ ಹಿಂದೆ ಸರಿದರು. ಹೂವಿನ ಕುಂಡಗಳ ನಡುವಿನ ಮೆಟ್ಟಿಲು, ಗಾಜಿನ ಬಾಗಿಲು, ಕೆಂಪು ಹಾಸು, ಎಲ್ಲೂ ಅವಳನ್ನು ತಡೆಯುವವರಿಲ್ಲ. ಇಷ್ಟು ಸಲೀಸಾಗಿ ಅವಳಿಗೆ ಯಾರೂ ಯಾವತ್ತೂ ದಾರಿ ಬಿಟ್ಟಿರಲಿಲ್ಲ. ವೇದಿಕೆಯ ಮೇಲೆ ಹೊಂದಾಣಿಕೆಯ ಬಗ್ಗೆ ಮಾತಾಡುತ್ತಿದ್ದ ದೊಡ್ಡವರು ಅವಳು ಮೆಟ್ಟಿಲು ಹತ್ತುವುದನ್ನು ಕಂಡು, ಮೈಕು ಬಿಟ್ಟು ಇನ್ನೊಂದು ಕಡೆಯಿಂದ ಇಳಿದುಹೋದರು. ನಡುವಿನ ಮೆತ್ತನೆಯ ಕುರ್ಚಿಯಲ್ಲಿ ಅತ್ತಿಗೆ ಕೂತಳು. ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡಳು. ಅವಳ ಉಸಿರು ಧ್ವನಿವರ್ಧಕದಲ್ಲಿ ಬೀದಿಯವರೆಗೂ ಕೇಳಿತು.

“ನನ್ನ ಗಂಡ ಕುಡೀತಿರ್ಲಿಲ್ಲ,” ಅಂದಳು.

ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು.

“ಹೊರಗಿರೋ ಈ ಗುಂಡಿಗೆ ಇಳಿದೇ ಸತ್ತ. ಈಗ ಇನ್ನೊಬ್ಬನ್ನ ಕರ್ಕೊಂಬಂದು ಬಾಯಲ್ಲಿ ನಿಲ್ಸಿದಾರೆ. ಅವನ್ಯಾರು ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಸತ್ತ ಮೇಲೆ ಅವನನ್ನೂ ಕುಡುಕ ಮಾಡ್ತೀರಿ.”

ಹೊರಗೆ ಗಡ್ಡದವನು ಧ್ವನಿವರ್ಧಕದ ಕಡೆ ಕತ್ತೆತ್ತಿ ನೋಡಿದ. ಬೈಕಿನ ಮೇಲಿನ ಅಂಗಿಯನ್ನು ಎತ್ತಿಕೊಂಡು, ಒಂದೊಂದೇ ಗುಂಡಿ ಹಾಕಿಕೊಂಡು, ಮೇಸ್ತ್ರಿ ಕೂಗುತ್ತಿದ್ದಂತೆಯೇ ಮೈದುನನ ಪಕ್ಕ ಹೋಗಿ ಕೂತ.

“ಗುಂಡಿ ಯಾರದು ಅಂತ ಒಬ್ರು ಹೇಳೋವರ್ಗೂ ನಾನು ಇಲ್ಲೇ ಕೂತಿರ್ತೀನಿ,” ಅಂದಳು ಅತ್ತಿಗೆ. “ನಂಗೇನೂ ಅವಸರ ಇಲ್ಲ. ಅವಸರ ಇರೋರು ಕೈ ಎತ್ತಿ.”

ಮುಂದಿನ ಸಾಲಿನಲ್ಲಿ ದೊಡ್ಡವರು ಕಾಲ ಮೇಲೆ ಕಾಲು ಬಿಗಿದುಕೊಂಡರು. ಹಿಂದೆಲ್ಲೋ ಒಂದು ಕೈ ಅರ್ಧದವರೆಗೆ ಎದ್ದು, ಅಕ್ಕಪಕ್ಕದವರನ್ನು ನೋಡಿ, ಮತ್ತೆ ಇಳಿಯಿತು.